ಹೀರೋ ಹಾರೋದು ಆಮೇಲೆ, ಮೊದಲು ಭಾರ ಎತ್ತಲಿ

ಪ್ರಶ್ನೆ: ಸರ್, ನಾನು ಈಗಷ್ಟೇ ಸೆಕೆಂಡ್ ಪಿಯು ಪರೀಕ್ಷೆ ಮುಗಿಸಿದ್ದೀನಿ. ನಾನು, ನನ್ನ ಗೆಳೆಯ ಸೇರಿ ಸ್ಟಾಪ್ ಮೋಷನ್‌ನಲ್ಲಿ, ಅಂದ್ರೆ ಗೊಂಬೆಯನ್ನ ಚೂರುಚೂರೇ ಸರಿಸಿ ಒಂದೊಂದೇ ಫೋಟೋ ತೆಗೆದು ಜೋಡಿಸೋ ವಿಧಾನದಲ್ಲಿ, ಒಂದು ಸೂಪರ್‌ಹೀರೋ ಕಿರುಚಿತ್ರ ಮಾಡ್ತಿದ್ದೀವಿ. 8 ನಿಮಿಷದ ಕಥೆ. ಜಾತ್ರೇಲಿ ತಂದ ಪ್ಲಾಸ್ಟಿಕ್ ಗೊಂಬೆಯೇ ಹೀರೋ. ಅವನು ಟ್ರ್ಯಾಕ್ಟರ್ ಎತ್ತುತ್ತಾನೆ, ಹಾರ್ತಾನೆ, ಐದು ಜನ ವಿಲನ್‌ಗಳ ಜೊತೆ ಫೈಟ್ ಮಾಡ್ತಾನೆ. ಇರೋದು ಒಂದೇ ಫೋನ್. ಇಲ್ಲಿತನಕ ತೆಗೆದಿರೋ ತುಣುಕು ಕಳಿಸಿದ್ದೀನಿ. ಬೆಳಕು ಮಿಣಮಿಣ ಅನ್ನುತ್ತೆ, ಗೊಂಬೆ ಜರ್ಕ್ ಹೊಡೆಯುತ್ತೆ, ಹಾರುವಾಗ ದಾರ ಕಾಣುತ್ತೆ. ಗೆಳೆಯ ಇನ್ನೂ ಫೈಟ್ ಬೇಕು ಅಂತಾನೆ, ನಾನು ಕಥೆ ಬೇಕು ಅಂತೀನಿ. ದಿನಾ ಇದೇ ಜಗಳ. ರಜೆ ಮುಗಿಯೋದ್ರೊಳಗೆ ಮುಗಿಸೋದು ಹೇಗೆ? (ಶಿರಾ ಗೇಟ್, ತುಮಕೂರು)

ಉತ್ತರ: ನಿಮ್ಮ ತುಣುಕನ್ನು ಒಂದೊಂದೇ ಫೋಟೋ ನಿಲ್ಲಿಸಿ ನೋಡಿದೆ. ಬೆಳಕು, ಜರ್ಕು, ದಾರ, ಈ ಮೂರಕ್ಕೂ ಮದ್ದಿದೆ, ಕೆಳಗೆ ಹೇಳುತ್ತೇನೆ. ಆದರೆ ನೀವು ಕೇಳದೇ ಬಿಟ್ಟ ತೊಂದರೆಯೊಂದಿದೆ. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ದೊಡ್ಡದು. ಹೀರೋ ಟ್ರ್ಯಾಕ್ಟರ್ ಎತ್ತುವ ಜಾಗ ನೋಡಿ. ಮೊದಲ ಫೋಟೋದಲ್ಲಿ ಟ್ರ್ಯಾಕ್ಟರ್ ನೆಲದ ಮೇಲಿದೆ, ನಾಲ್ಕನೇ ಫೋಟೋದಲ್ಲಿ ಅವನ ತಲೆ ಮೇಲಿದೆ. ಸೆಕೆಂಡಿಗೆ 12 ಫೋಟೋ ಲೆಕ್ಕದಲ್ಲಿ ಅದು ಬರೀ ಕಾಲು ಸೆಕೆಂಡ್. ಇಷ್ಟು ಬೇಗ ಮೇಲೆ ಹೋದ ವಸ್ತು ಹಗುರ ಅಂತ ನೋಡುವವರ ಕಣ್ಣು ತಾನಾಗಿ ತೀರ್ಮಾನ ಮಾಡಿಬಿಡುತ್ತದೆ. ಟ್ರ್ಯಾಕ್ಟರ್ ಹಗುರ ಅಂದಮೇಲೆ ಹೀರೋಗೆ ಶಕ್ತಿ ಎಲ್ಲಿಂದ ಬಂತು? ನಿಮ್ಮ ಪಿಚ್ಚರಿನಲ್ಲಿ ಈಗ ಇಲ್ಲದಿರುವುದು ಭಾರ. ಫೈಟು, ಹಾರಾಟ, ಬೆಂಕಿ ಏನೇ ಸೇರಿಸಿದರೂ ಭಾರ ಇಲ್ಲದಿದ್ದರೆ ಅದು ಗೊಂಬೆಯಾಗಿಯೇ ಉಳಿಯುತ್ತದೆ.

ಮೊದಲು ಉದ್ದದ ವಿಷಯ ಮುಗಿಸೋಣ. 8 ನಿಮಿಷ ಅಂದರೆ 5760 ಫೋಟೋ. ಹೊಸಬರಿಬ್ಬರು ಬೆಳಗ್ಗೆಯಿಂದ ಸಂಜೆತನಕ ಕೂತರೆ ದಿನಕ್ಕೆ ಐದಾರು ಸೆಕೆಂಡ್ ಚೆನ್ನಾಗಿ ಬಂದರೆ ಅದೇ ಜಾಸ್ತಿ, ಹಾಗಾಗಿ ಈ ರಜೆ ಅಲ್ಲ, ಮುಂದಿನ ರಜೆಯೂ ಸಾಲುವುದಿಲ್ಲ. ಒಂದೂವರೆ ನಿಮಿಷಕ್ಕೆ ಇಳಿಸಿ. ಆಗ 1080 ಫೋಟೋ ಸಾಕು, ಮುಗಿಸಬಹುದು. ಸಿನಿಮಾದ ಲೆಕ್ಕ ಸೆಕೆಂಡಿಗೆ 24 ಚಿತ್ರ. ಸ್ಟಾಪ್ ಮೋಷನ್‌ನಲ್ಲಿ ಒಂದೇ ಫೋಟೋವನ್ನು ಎರಡೆರಡು ಸಲ ತೋರಿಸಿ 12ರಲ್ಲಿ ಕೆಲಸ ತೆಗೆಯುವುದು ಹಳೆಯ ರೂಢಿ, ಅದರಿಂದ ಚಿತ್ರ ಕಳಪೆ ಆಗುವುದಿಲ್ಲ. ಹಾಗಾಗಿ ಜರ್ಕ್ ಹೋಗಲಿ ಅಂತ 24ಕ್ಕೆ ಏರಿಸಬೇಡಿ. ಜರ್ಕಿಗೆ ಕಾರಣವೇ ಬೇರೆ.

ಫೈಟೋ ಕಥೆಯೋ ಅನ್ನುವ ಜಗಳಕ್ಕೆ ಬರುತ್ತೇನೆ. ನಿಮ್ಮ ಗೆಳೆಯನಿಗೆ ಒಂದು ಮಾತು ಹೇಳಿ. 1963ರಲ್ಲಿ ರೇ ಹ್ಯಾರಿಹೌಸೆನ್ ಅನ್ನುವ ಅಮೆರಿಕದ ಕಲಾವಿದ ಏಳು ಅಸ್ಥಿಪಂಜರಗಳು ಮೂರು ಜನರ ಜೊತೆ ಕತ್ತಿ ಹಿಡಿದು ಹೊಡೆದಾಡುವ ದೃಶ್ಯವನ್ನು ಇದೇ ವಿಧಾನದಲ್ಲಿ ಮಾಡಿದರು. ತೆರೆ ಮೇಲೆ ಅದು ಕೆಲವೇ ನಿಮಿಷ. ಮಾಡುವುದಕ್ಕೆ ನಾಲ್ಕು ತಿಂಗಳಿಗೂ ಜಾಸ್ತಿ ಹಿಡಿಯಿತು, ಅದೂ ಈ ಕೆಲಸದಲ್ಲಿ ಪಳಗಿದ ಕೈಗೆ. ಐದು ಜನ ವಿಲನ್ ಅಂದರೆ ಪ್ರತಿ ಫೋಟೋಗೂ ಆರು ಗೊಂಬೆ ಸರಿಸಬೇಕು. ಒಂದು ಗೊಂಬೆ ಸರಿಸುವಾಗ ಪಕ್ಕದ್ದಕ್ಕೆ ಬೆರಳು ತಾಗಿ ಬಿತ್ತು ಅಂದರೆ ಆ ಶಾಟ್ ಮೊದಲಿಂದ ತೆಗೆಯಬೇಕು. ಬೇಡ. ಹಾಗಂತ ಗೆಳೆಯ ಕೇಳುತ್ತಿರುವುದು ತಪ್ಪಲ್ಲ, ಸೂಪರ್‌ಹೀರೋ ಅಂದಮೇಲೆ ಜಟಾಪಟಿ ಬೇಕೇ ಬೇಕು. ಆದರೆ ಎದುರಾಳಿ ಮನುಷ್ಯನೇ ಆಗಬೇಕು ಅಂತ ಯಾರು ಹೇಳಿದರು?

ನಿಮ್ಮ ಊರಿನ ಪಕ್ಕದಲ್ಲೇ ದೇವರಾಯನದುರ್ಗ ಇದೆ. ಆ ಬೆಟ್ಟದ ರಸ್ತೆ, ಆ ತಿರುವು, ಆ ಬಂಡೆ ನೀವಿಬ್ಬರೂ ನೋಡಿರುತ್ತೀರಿ. ತೆಂಗಿನಕಾಯಿ ತುಂಬಿದ ಟ್ರಾಲಿಯೊಂದು ಕೊಂಡಿ ಕಳಚಿಕೊಂಡು ಇಳಿಜಾರಿನಲ್ಲಿ ಹಿಂದಕ್ಕೆ ಜಾರುತ್ತದೆ. ಕೆಳಗೆ ತಿರುವಿನಲ್ಲಿ ಒಬ್ಬ ಅಜ್ಜಿ ಸೌತೆಕಾಯಿ ಮಾರುತ್ತಾ ಕೂತಿದ್ದಾಳೆ, ಅವಳಿಗೆ ಕಿವಿ ಕೇಳಿಸುವುದಿಲ್ಲ. ಹೀರೋ ಟ್ರಾಲಿಯನ್ನು ತಡೆದು ನಿಲ್ಲಿಸಬೇಕು. ಇದೇ ಫೈಟ್, ಇದೇ ಕಥೆ. ಇಳಿಜಾರೇ ವಿಲನ್. ಸರಿಸಬೇಕಾದ್ದು ಒಂದು ಗೊಂಬೆ, ಒಂದು ಟ್ರಾಲಿ. ಅಜ್ಜಿ ಕೂತಿರುತ್ತಾಳೆ, ಅವಳು ಕೊನೆಯಲ್ಲಿ ಒಂದು ಸಲ ತಲೆ ಎತ್ತಿದರೆ ಸಾಕು. ಇದೇ ಕಥೆ ಮಾಡಿ ಅಂತ ಹಟವಿಲ್ಲ, ನಿಮ್ಮದೇ ಏನಾದರೂ ಇದ್ದರೆ ಇನ್ನೂ ಒಳ್ಳೆಯದು. ಮೂರು ವಾಕ್ಯದಲ್ಲಿ ಹೇಳೋಕೆ ಬರಬೇಕು, ಎರಡು ಗೊಂಬೆಗಿಂತ ಜಾಸ್ತಿ ಅಲ್ಲಾಡಬಾರದು, ಅಷ್ಟೇ.

ಹೀರೋ ಬಗ್ಗೆಯೂ ಒಂದು ಮಾತು. ಆ ಜಾತ್ರೆ ಗೊಂಬೆ ಹಾಲಿವುಡ್ ಹೀರೋ ಒಬ್ಬನ ನಕಲು. ಆ ವೇಷ, ಎದೆ ಮೇಲಿನ ಗುರುತು ಬೇರೆಯವರ ಸ್ವತ್ತು. ನಿಮ್ಮ ಚಿತ್ರವನ್ನು ನಾಳೆ ಸ್ಪರ್ಧೆಗೆ ಕಳಿಸಬೇಕು ಅಂದಾಗ ಅದೇ ಅಡ್ಡ ಬರುತ್ತದೆ. ನಿಮ್ಮದೇ ಹೀರೋ ಮಾಡಿ. ಹೆಗಲ ಮೇಲಿನ ಕೆಂಪು ಅಂಚಿನ ಟವೆಲ್ಲೇ ಅವನ ಕೇಪ್ ಆಗಲಿ. ಮೂಗು, ಬಾಯಿ ಮುಚ್ಚುವ ಹಾಗೆ ಬಟ್ಟೆ ಕಟ್ಟಿಸಿ. ಮುಖ ಮುಚ್ಚಿದರೆ ಮಾತಿಗೆ ತಕ್ಕ ಹಾಗೆ ತುಟಿ ಅಲ್ಲಾಡಿಸುವ ದೊಡ್ಡ ಕೆಲಸವೇ ತಪ್ಪುತ್ತದೆ. ಕಣ್ಣು ಮಾತ್ರ ಸಾಕು. ತೆರೆದ ಕಣ್ಣು, ಅರ್ಧ ಮುಚ್ಚಿದ ಕಣ್ಣು, ಮುಚ್ಚಿದ ಕಣ್ಣು ಅಂತ ಕಾಗದದಲ್ಲಿ ಮೂರು ಜೊತೆ ಕತ್ತರಿಸಿಟ್ಟುಕೊಂಡು ಬದಲಾಯಿಸುತ್ತಾ ಹೋಗಿ.

ಜಾತ್ರೆ ಗೊಂಬೆ ಬಿಡಿ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಅದಕ್ಕೆ ತೋಳಿನ ಹತ್ತಿರ, ಸೊಂಟದ ಹತ್ತಿರ ಮಾತ್ರ ತಿರುವು. ಮೊಣಕಾಲು ಇಲ್ಲ, ಬೆನ್ನು ಬಗ್ಗುವುದಿಲ್ಲ. ಮೊಣಕಾಲು ಬಗ್ಗದವನು ಭಾರ ಎತ್ತುವುದು ಹೇಗೆ? ಜರ್ಕಿನ ಅರ್ಧ ಕಾರಣವೂ ಇಲ್ಲೇ ಇದೆ. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲೋ ಎಲೆಕ್ಟ್ರಿಕಲ್ ಅಂಗಡಿಯಲ್ಲೋ ಒಂದೂವರೆ ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಂತಿ ಕೇಳಿ. ಕಟ್ಟಡದ ಬೈಂಡಿಂಗ್ ವೈರ್ ತರಬೇಡಿ, ಬಗ್ಗಿಸಿದ ಜಾಗದಿಂದ ಸ್ವಲ್ಪ ವಾಪಸ್ ಚಿಮ್ಮುತ್ತದೆ. ಎರಡು ಎಳೆ ಹೊಸೆದು 15 ಸೆಂಟಿಮೀಟರ್ ಎತ್ತರದ ಅಸ್ಥಿಪಂಜರ ಮಾಡಿ. ತೊಡೆ, ಮೊಣಕಾಲಿನ ಕೆಳಭಾಗ, ಮೇಲ್ತೋಳು, ಮುಂಗೈ, ಎದೆ, ಹೀಗೆ ಮೂಳೆ ಇರುವ ಕಡೆಯೆಲ್ಲ ಎಂ-ಸೀಲ್ ಮೆತ್ತಿ ಗಟ್ಟಿ ಮಾಡಿ. ಕೀಲು ಇರುವ ಕಡೆ ತಂತಿ ಹಾಗೇ ಬಿಡಿ. ಆಗ ಗೊಂಬೆ ಬಗ್ಗಬೇಕಾದ ಕಡೆ ಮಾತ್ರ ಬಗ್ಗುತ್ತದೆ. ಮೇಲೆ ತೆಳು ಸ್ಪಂಜು ಸುತ್ತಿ, ದಾರದಿಂದ ಬಿಗಿದು, ಬಟ್ಟೆ ಹೊಲಿಯಿರಿ. ಜೇಡಿಮಣ್ಣಿನಂಥ ಬಣ್ಣದ ಕ್ಲೇ ಏಪ್ರಿಲ್, ಮೇ ಬಿಸಿಲಿಗೆ ದೀಪದ ಕೆಳಗೆ ಮೆತ್ತಗಾಗುತ್ತದೆ. ಮೈಗೆ ಅದು ಬೇಡ, ತಲೆಗೆ ಬೇಕಾದರೆ ಎಂ-ಸೀಲ್‌ನಲ್ಲೇ ಮಾಡಿ. ಅಲ್ಯೂಮಿನಿಯಂ ಪದೇಪದೇ ಬಗ್ಗಿದರೆ ಮುರಿಯುತ್ತದೆ, ಮೊದಲು ಮುರಿಯುವುದು ಪಾದದ ಹತ್ತಿರ. ಅದಕ್ಕೆ ಒಂದೇ ಅಳತೆಯ ಎರಡು ಅಸ್ಥಿಪಂಜರ ಮಾಡಿಟ್ಟುಕೊಳ್ಳಿ.

ಕೂದಲಿಗೆ ತೆಂಗಿನ ನಾರು, ಉಲ್ಲನ್ ಅಂಟಿಸಬೇಡಿ. 1933ರ 'ಕಿಂಗ್ ಕಾಂಗ್'ನಲ್ಲಿ ಗೊರಿಲ್ಲಾ ಸುಮ್ಮನೆ ನಿಂತಿದ್ದರೂ ಮೈ ಮೇಲಿನ ಕೂದಲು ಅಲೆಅಲೆಯಾಗಿ ಅಲ್ಲಾಡುತ್ತದೆ. ಗೊಂಬೆ ಸರಿಸಿದವರ ಬೆರಳು ತಾಗಿದ ಗುರುತು ಅದು. ನಿಮ್ಮ ಹೀರೋಗೆ ಕೂದಲನ್ನೂ ಎಂ-ಸೀಲ್‌ನಲ್ಲಿ ತಿದ್ದಿ ಕಪ್ಪು ಬಣ್ಣ ಹಚ್ಚಿ. ನಾರಿಗೆ ಬೇರೆ ಕೆಲಸ ಇದೆ. ತೆಂಗಿನ ನಾರಿನ ಪುಡಿ ನಿಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಸಿಗುತ್ತದೆ ಅಲ್ವಾ, ಅದನ್ನು ಜರಡಿ ಹಿಡಿದು ರಸ್ತೆ ಪಕ್ಕದ ಮಣ್ಣಾಗಿ ಹರಡಿ. ನಿಜವಾದ ಮಣ್ಣಿನ ಹರಳು ಕ್ಯಾಮೆರಾಗೆ ದಪ್ಪ ಕಲ್ಲಿನ ಹಾಗೆ ಕಂಡು ಗೊಂಬೆಯ ಸೈಜು ಬಯಲಾಗುತ್ತದೆ, ಜರಡಿ ಹಿಡಿದ ನಾರಿನ ಪುಡಿಯಲ್ಲಿ ಆ ತೊಂದರೆ ಇಲ್ಲ. ತೆಂಗಿನಕಾಯಿಗೆ ಒಣ ಅಡಿಕೆ ಬಳಸಿ. ಆರಡಿ ಆಳು 15 ಸೆಂಟಿಮೀಟರ್ ಆದಾಗ ಎಲ್ಲವೂ 12ನೇ ಒಂದು ಭಾಗಕ್ಕೆ ಇಳಿಯಬೇಕು, ಸಿಪ್ಪೆ ಇರುವ ತೆಂಗಿನಕಾಯಿ ಆ ಅಳತೆಯಲ್ಲಿ ಹೆಚ್ಚುಕಡಿಮೆ ಒಂದು ಅಡಿಕೆಯಷ್ಟೇ ಬರುತ್ತದೆ. ಟ್ರಾಲಿಯನ್ನೂ ಇದೇ ಲೆಕ್ಕದಲ್ಲಿ ರಟ್ಟಿನಲ್ಲಿ ಮಾಡಿ, ಅಂಗಡಿ ಆಟಿಕೆ ತಂದರೆ ಅಳತೆ ಕೂಡುವುದಿಲ್ಲ.

ಗೊಂಬೆಯ ಪಾದಕ್ಕೆ ಒಂದು ಸಣ್ಣ ನಟ್ ಹುದುಗಿಸಿ, ಪ್ಲೈವುಡ್ ಸೆಟ್ಟಿಗೆ ತೂತು ಹಾಕಿ, ಕೆಳಗಿನಿಂದ ಬೋಲ್ಟ್ ತಿರುಗಿಸಿ ಬಿಗಿಯಿರಿ. ಇದನ್ನು ಮಾತ್ರ ತಪ್ಪಿಸಬೇಡಿ. ನಿಮ್ಮ ತುಣುಕಿನಲ್ಲಿ ಹೀರೋ ನಿಂತಲ್ಲೇ ಜಾರುತ್ತಿರುತ್ತಾನೆ, ಕೈ ಸರಿಸುವಾಗ ಪಾದವೂ ಸರಿದಿದೆ. ಜರ್ಕಿನ ಇನ್ನರ್ಧ ಕಾರಣ ಅದು. ಡ್ರಿಲ್ ಸಿಗದಿದ್ದರೆ ತಗಡಿನ ನೆಲ ಹಾಕಿ ಪಾದದಲ್ಲಿ ಪುಟ್ಟ ಮ್ಯಾಗ್ನೆಟ್ ಕೂರಿಸಿದರೂ ನಡೆಯುತ್ತದೆ, ಆದರೆ ಒಂದು ಕಾಲ ಮೇಲೆ ನಿಲ್ಲಿಸುವಾಗ ಬೋಲ್ಟೇ ಗಟ್ಟಿ.

ಈಗ ಭಾರ. ಇದನ್ನು ನಿಧಾನವಾಗಿ ಓದಿ.

ಕ್ಯಾಮೆರಾ ಮುಂದೆ ಕೂರುವ ಮೊದಲು ಇಬ್ಬರೂ ಹೊರಗೆ ಹೋಗಿ. ಯಾರದಾದರೂ ಲೋಡ್ ಇರುವ ತಳ್ಳುಗಾಡಿ ಸಿಗುತ್ತದಾ ನೋಡಿ, ಸಮತಟ್ಟಾದ ಜಾಗದಲ್ಲಿ ಒಬ್ಬ ತಳ್ಳಲಿ, ಇನ್ನೊಬ್ಬ ಪಕ್ಕದಿಂದ ವಿಡಿಯೋ ತೆಗೆಯಲಿ. ಆಮೇಲೆ ಅದನ್ನು ಒಂದೊಂದೇ ಚಿತ್ರ ನಿಲ್ಲಿಸಿ ನೋಡಿ. ಕೈ ಇಟ್ಟ ಕೂಡಲೇ ಗಾಡಿ ಹೊರಡುವುದಿಲ್ಲ. ಮೊದಲು ಹಿಂದಿನ ಪಾದ ನೆಲ ಹಿಡಿಯುತ್ತದೆ. ಆಮೇಲೆ ಮೊಣಕಾಲು ಬಗ್ಗುತ್ತದೆ, ಸೊಂಟ ಕೆಳಗಿಳಿಯುತ್ತದೆ, ಹೆಗಲು ಮುಂದೆ ಹೋಗುತ್ತದೆ, ತಲೆ ತಗ್ಗುತ್ತದೆ. ಇಷ್ಟೆಲ್ಲ ಆದಮೇಲೂ ಒಂದು ಕ್ಷಣ ಗಾಡಿ ನಿಂತೇ ಇರುತ್ತದೆ. ಆ ಕ್ಷಣದಲ್ಲೇ ನಮಗೆ ಭಾರ ಗೊತ್ತಾಗುವುದು. ನಿಮ್ಮ ತುಣುಕಿನಲ್ಲಿ ಅದು ಇಲ್ಲವೇ ಇಲ್ಲ.

ಟ್ರಾಲಿ ಬಂದು ಹೀರೋ ಕೈಗೆ ತಾಗುವ ಶಾಟ್ ತೆಗೆದುಕೊಳ್ಳಿ. ತಾಗುವ ಮೊದಲು ಅವನು ಐದಾರು ಫೋಟೋಗಳಲ್ಲಿ ತಯಾರಾಗಬೇಕು: ಮೈ ಸ್ವಲ್ಪ ಹಿಂದೆ ಹೋಗಿ, ಆಮೇಲೆ ಮುಂದೆ ಬಾಗಬೇಕು. ತಾಗುವುದು ಒಂದೇ ಫೋಟೋ. ಟ್ರಾಲಿ 3 ಸೆಂಟಿಮೀಟರ್ ದೂರದಲ್ಲಿದ್ದದ್ದು ಮುಂದಿನ ಫೋಟೋದಲ್ಲಿ ಕೈಗೆ ಅಂಟಿರಬೇಕು, ನಡುವೆ ಇನ್ನೊಂದು ಬೇಡ. ಆಮೇಲೆ ಅವನ ಮೊಣಕೈ ಮಡಚುತ್ತದೆ, ಎದೆ ಟ್ರಾಲಿಗೆ ತಾಗುತ್ತದೆ, ಪಾದಗಳು ಹಿಂದಕ್ಕೆ ಜಾರುತ್ತವೆ. ಮೊದಲ ಫೋಟೋದಲ್ಲಿ 12 ಮಿಲಿಮೀಟರ್ ಜಾರಲಿ, ಮುಂದೆ 9, 7, 5, 3, 2, 1, ಆಮೇಲೆ ನಿಲ್ಲಲಿ. ಅಲ್ಲಿ ಬೋಲ್ಟ್ ಹಾಕಲು ಆಗುವುದಿಲ್ಲ, ಹಿಂದಿನಿಂದ ಒಂದು ಗಟ್ಟಿ ತಂತಿ ಆಸರೆ ಕೊಡಿ. ಪ್ರತಿ ಸಲ ಪಾದ ಜಾರಿದಾಗ ಹಿಮ್ಮಡಿಯ ಹಿಂದೆ ನಾರಿನ ಪುಡಿಯನ್ನು ಬ್ರಷ್‌ನಿಂದ ಸ್ವಲ್ಪ ಸ್ವಲ್ಪವೇ ಒಟ್ಟಿ. ನಿಲ್ಲುವಷ್ಟರಲ್ಲಿ ಹಿಮ್ಮಡಿ ಹಿಂದೆ ಒಂದು ಪುಟ್ಟ ದಿಬ್ಬ ಆಗಿರಬೇಕು, ಪಾದದ ಮುಂದೆ ಎರಡು ಉದ್ದನೆ ಗೆರೆ ಉಳಿದಿರಬೇಕು. ನಿಂತಮೇಲೆ ಹತ್ತು ಫೋಟೋ ಏನೂ ಆಗಬಾರದು, ಆದರೆ ಪೂರ್ತಿ ಕಲ್ಲಾಗಲೂ ಬಾರದು, ತೋಳು ಒಂದು ಮಿಲಿಮೀಟರ್ ಮೇಲೆ, ಒಂದು ಮಿಲಿಮೀಟರ್ ಕೆಳಗೆ ನಡುಗುತ್ತಿರಲಿ. ಟ್ರಾಲಿ ನಿಂತರೂ ಒಳಗಿನ ಕಾಯಿ ನಿಲ್ಲುವುದಿಲ್ಲ. ಎರಡು ಮೂರು ಅಡಿಕೆ ಮುಂದೆ ಉರುಳಿ, ಹಲಗೆ ದಾಟಿ, ಹೀರೋ ಹೆಗಲಿಗೆ ತಾಗಿ ನೆಲಕ್ಕೆ ಬೀಳಲಿ.

ಬೀಳುವುದಕ್ಕೂ ಲೆಕ್ಕ ಇದೆ. ವಸ್ತು ಒಂದೇ ವೇಗದಲ್ಲಿ ಬೀಳುವುದಿಲ್ಲ, ಪ್ರತಿ ಫೋಟೋಗೂ ದೂರ 1, 3, 5, 7, 9 ಅನ್ನುವ ಪಾಲಿನಲ್ಲಿ ಬೆಳೆಯುತ್ತದೆ. ನಿಮ್ಮ ಅಳತೆಗೆ, ಸೆಕೆಂಡಿಗೆ 12 ಫೋಟೋದಲ್ಲಿ, ಅದು 3, 8, 14, 20, 25, 31 ಮಿಲಿಮೀಟರ್. ಆರು ಫೋಟೋದಲ್ಲಿ ಸುಮಾರು 10 ಸೆಂಟಿಮೀಟರ್. ಒಂದು ಕಾಗದದ ಪಟ್ಟಿಯಲ್ಲಿ ಈ ಗುರುತು ಹಾಕಿ ಸೆಟ್ಟಿನ ಪಕ್ಕ, ಕ್ಯಾಮೆರಾಗೆ ಕಾಣದ ಹಾಗೆ ನಿಲ್ಲಿಸಿಕೊಳ್ಳಿ. ಮೇಲಿಂದ ಬೀಳುವ ಏನೇ ಇದ್ದರೂ, ಹೀರೋ ಜಿಗಿದು ಇಳಿಯುವುದಾದರೂ, ಇದೇ ಪಟ್ಟಿ ಸಾಕು. ಮೇಲಕ್ಕೆ ಎಸೆದಾಗ ಇದನ್ನೇ ತಿರುಗಾಮುರುಗಾ ಓದಿ. ಒಂದು ಅಡಿಕೆ ಈ ಲೆಕ್ಕದಲ್ಲಿ ಬಿದ್ದು, ಒಂದು ಸಲ ಪುಟಿದು ನಿಂತರೆ ಅದು ತೆಂಗಿನಕಾಯಿ ಆಗಿಬಿಡುತ್ತದೆ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಇದೇ.

ಕೊನೆಗೆ ಟ್ರಾಲಿ ಎತ್ತಲೇಬೇಕು ಅಂತಿದ್ದರೆ ಎತ್ತಿಸಿ, ಆದರೆ ನಿಜವಾದ ಟ್ರಾಲಿ ಎತ್ತುವಾಗ ಮೊದಲು ಮೇಲೇಳುವುದು ಅದರ ಮೈ, ಟೈರಲ್ಲ. ಪಟ್ಟೆ ಸ್ಪ್ರಿಂಗ್ ಸಡಿಲವಾಗುವ ತನಕ ಟೈರು ನೆಲದಲ್ಲೇ ಇರುತ್ತದೆ. ರಟ್ಟಿನ ಟ್ರಾಲಿಯ ಅಡಿಯಲ್ಲಿ, ಅಚ್ಚಿಗೂ ಮೈಗೂ ನಡುವೆ, ಪ್ರತಿ ಫೋಟೋಗೆ ಒಂದೊಂದು ಇನ್ವಿಟೇಷನ್ ಕಾರ್ಡಿನ ಚೂರು ತೂರಿಸುತ್ತಾ ಹೋಗಿ. ಮೈ 4 ಮಿಲಿಮೀಟರ್ ಎದ್ದಮೇಲೆ ಟೈರು ನೆಲ ಬಿಡಲಿ. ಎದ್ದದ್ದು ಒಂದು ಸಲ ಸ್ವಲ್ಪ ಕೆಳಗೆ ಕುಸಿಯಲಿ, ಆಮೇಲೆ ಮತ್ತೆ ಏಳಲಿ. ಮೊದಲಿನ ಕಾಲು ಸೆಕೆಂಡಿನ ಬದಲು ಇದಕ್ಕೆ ಮೂರು ಸೆಕೆಂಡ್ ಕೊಡಿ.

ಬೆಳಕಿನ ಮಿಣಮಿಣಕ್ಕೆ ಕಾರಣ ಮೂರು ಕಡೆ ಇರಬಹುದು. ನಿಮ್ಮ ತುಣುಕಿನಲ್ಲಿ ಮೂರೂ ಇವೆ. ಮೊದಲನೆಯದು ಕಿಟಕಿ. ಮೋಡ ಬಂದರೆ ಕತ್ತಲು, ಹೋದರೆ ಬೆಳಕು. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಪೂರ್ತಿ ಮುಚ್ಚಿ, ಇಲ್ಲಾ ರಾತ್ರಿ ಕೆಲಸ ಮಾಡಿ. ಎರಡನೆಯದು ಫೋನ್. ಅದು ಪ್ರತಿ ಫೋಟೋಗೂ ಬೆಳಕು, ಬಣ್ಣ, ಫೋಕಸ್ ತಾನೇ ಹೊಸದಾಗಿ ಲೆಕ್ಕ ಹಾಕುತ್ತದೆ. ಕ್ಯಾಮೆರಾದ ಪ್ರೋ ಮೋಡ್‌ಗೆ (ಎಲ್ಲವನ್ನೂ ನಾವೇ ಹೊಂದಿಸುವ ಮೋಡ್) ಹೋಗಿ ಐಎಸ್ಓ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 100, ಶಟರ್ (ಬೆಳಕು ಒಳಗೆ ಬಿಡುವ ಹೊತ್ತು) 1/50 ಅಥವಾ 1/25 ಸೆಕೆಂಡ್ ಇಟ್ಟು, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ), ಫೋಕಸ್ ಎರಡನ್ನೂ ಲಾಕ್ ಮಾಡಿ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಈ ಶಟರಿನಲ್ಲಿ ಪ್ರತಿ ಫೋಟೋಗೂ ಅಷ್ಟೇ ಮಿನುಗು ಸಿಗುವುದರಿಂದ ವ್ಯತ್ಯಾಸ ಕಾಣುವುದಿಲ್ಲ. ಎಚ್‌ಡಿಆರ್, ನೈಟ್ ಮೋಡ್, ಬ್ಯೂಟಿ ಎಲ್ಲ ಆಫ್. ಪ್ರೋ ಮೋಡ್ ಇಲ್ಲದ ಫೋನಾದರೆ 'ಸ್ಟಾಪ್ ಮೋಷನ್ ಸ್ಟುಡಿಯೋ' ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ಹಿಂದಿನ ಫೋಟೋ ಮಸುಕಾಗಿ ಮೇಲೆ ಕಾಣುವ ಸೌಲಭ್ಯ ಇದೆ, ಗೊಂಬೆ ಎಷ್ಟು ಸರಿಯಿತು ಅಂತ ನೋಡಿಕೊಳ್ಳಲು ಅದು ಬೇಕೇ ಬೇಕು.

ಮೂರನೆಯದು ನೀವೇ. ಒಂದು ಫೋಟೋದಲ್ಲಿ ಸೆಟ್ಟಿನ ಹತ್ತಿರ ನಿಂತಿರುತ್ತೀರಿ, ಇನ್ನೊಂದರಲ್ಲಿ ಹಿಂದೆ ಸರಿದಿರುತ್ತೀರಿ. ಬಿಳಿ ಅಂಗಿಯ ಬೆಳಕು ಗೊಂಬೆ ಮೇಲೆ ಬಿದ್ದು ಹೋಗುತ್ತಿರುತ್ತದೆ. ಕಪ್ಪು ಅಂಗಿ ಹಾಕಿಕೊಳ್ಳಿ, ಕ್ಲಿಕ್ ಮಾಡುವಾಗ ಇಬ್ಬರೂ ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲಿ. ದೀಪಕ್ಕೆ ಚಾರ್ಜಿಂಗ್ ಎಮರ್ಜೆನ್ಸಿ ಲೈಟ್ ಬೇಡ, ಬ್ಯಾಟರಿ ಇಳಿದ ಹಾಗೆ ಮಂಕಾಗುತ್ತದೆ. ಹಳೆ ಬುರುಡೆ ಬಲ್ಬೂ ಬೇಡ, ಪಕ್ಕದ ಮನೆಯ ಮೋಟಾರ್ ಆನ್ ಆದರೆ ಸಾಕು ಅದರ ಬಣ್ಣವೇ ಬದಲಾಗುತ್ತದೆ. ಒಳ್ಳೆ ಎಲ್‌ಇಡಿ ಬಲ್ಬ್ ಎರಡು ಸಾಕು, ಒಂದು ಪಕ್ಕದಿಂದ, ಇನ್ನೊಂದಕ್ಕೆ ಬಟರ್ ಪೇಪರ್ ಕಟ್ಟಿ ಎದುರಿನಿಂದ. ಶಾಟ್ ಅರ್ಧದಲ್ಲಿದ್ದಾಗ ಕರೆಂಟ್ ಹೋದರೆ ಯಾವುದನ್ನೂ ಮುಟ್ಟದೆ ಬಾಗಿಲು ಹಾಕಿಕೊಂಡು ಹೊರಗೆ ಬನ್ನಿ. ಫೋನನ್ನು ಸ್ಟ್ಯಾಂಡಿಗೆ, ಸ್ಟ್ಯಾಂಡಿನ ಕಾಲನ್ನು ನೆಲಕ್ಕೆ ಟೇಪ್ ಹಾಕಿ ಅಂಟಿಸಿ. ಏರೋಪ್ಲೇನ್ ಮೋಡ್‌ನಲ್ಲಿಡಿ. ಪರದೆ ಮುಟ್ಟಿ ಕ್ಲಿಕ್ ಮಾಡಬೇಡಿ, ಇಯರ್‌ಫೋನಿನ ವಾಲ್ಯೂಮ್ ಬಟನ್ ಒತ್ತಿದರೆ ಬಹಳಷ್ಟು ಫೋನುಗಳಲ್ಲಿ ಫೋಟೋ ಬರುತ್ತದೆ.

ಹಾರಾಟಕ್ಕೆ ದಾರ ಕಟ್ಟುವುದನ್ನು ಬಿಟ್ಟುಬಿಡಿ. ದಾರದಲ್ಲಿ ತೂಗಿದ ಗೊಂಬೆ ಗಾಳಿಗೆ ತಿರುಗುತ್ತದೆ, ಪ್ರತಿ ಫೋಟೋಗೂ ಅದು ನಿಲ್ಲುವ ತನಕ ಕಾಯಬೇಕು. ಸುಲಭದ ದಾರಿ ಅಂದರೆ ಗೊಂಬೆಯನ್ನು ನೆಲದ ಮೇಲೆ ಮಲಗಿಸುವುದು. ಆಕಾಶದ ಬಣ್ಣದ ಡ್ರಾಯಿಂಗ್ ಶೀಟ್ ಹಾಸಿ, ಮೇಲಿನಿಂದ ಕ್ಯಾಮೆರಾ ಕೆಳಗೆ ನೋಡುವ ಹಾಗೆ ಕಟ್ಟಿ, ಹೀರೋ ನಿಂತಲ್ಲೇ ಇರಲಿ, ಹತ್ತಿಯ ಮೋಡಗಳನ್ನು ಹಿಂದಕ್ಕೆ ಸರಿಸಿ. ಶೀಟ್ ಮೇಲೆ ನೆರಳು ಬೀಳದ ಹಾಗೆ ಗೊಂಬೆಯನ್ನು ಗಾಜಿನ ಮೇಲಿಟ್ಟು, ಶೀಟನ್ನು ಒಂದಡಿ ಕೆಳಗಿಟ್ಟರೆ ಇನ್ನೂ ಚೆಂದ. ನಿಂತ ಸೆಟ್ಟಿನಲ್ಲೇ ಹಾರಬೇಕು ಅಂದರೆ ಬೆನ್ನಿಗೆ ದಪ್ಪ ತಂತಿ ಚುಚ್ಚಿ ಆಸರೆ ಕೊಡಿ. ಶಾಟ್ ಶುರು ಮಾಡುವ ಮೊದಲು ಗೊಂಬೆ, ತಂತಿ ಏನೂ ಇಲ್ಲದ ಖಾಲಿ ಸೆಟ್ಟಿನ ಫೋಟೋ ಒಂದು ತೆಗೆದಿಟ್ಟುಕೊಳ್ಳಿ. ಆಮೇಲೆ ಕಂಪ್ಯೂಟರಿನಲ್ಲಿ ಗಿಂಪ್ ಅನ್ನುವ ಉಚಿತ ಸಾಫ್ಟ್‌ವೇರ್ ತೆಗೆದು, ಖಾಲಿ ಫೋಟೋ ಕೆಳಗೆ, ಗೊಂಬೆ ಫೋಟೋ ಮೇಲೆ ಇಟ್ಟು, ತಂತಿ ಇರುವ ಕಡೆ ಅಳಿಸಿದರೆ ಕೆಳಗಿನ ಸೆಟ್ಟು ಕಾಣುತ್ತದೆ. ತಂತಿಯ ನೆರಳನ್ನೂ ಅಳಿಸುವುದು ಮರೆಯಬೇಡಿ. ಎರಡು ಸೆಕೆಂಡಿಗೆ 24 ಫೋಟೋ ಹೀಗೆ ತಿದ್ದಬೇಕು, ಹಾಗಾಗಿ ಇಡೀ ಚಿತ್ರದಲ್ಲಿ ಒಂದೇ ಒಂದು ಇಂಥ ಶಾಟ್ ಇಟ್ಟುಕೊಳ್ಳಿ. ಮಿಕ್ಕ ಕಡೆ ರಸ್ತೆ ಮೇಲೆ ಅವನ ನೆರಳು ಸರಿದು ಹೋಗುವುದನ್ನು ತೋರಿಸಿ, ನೋಡುವವರು ಹಾರಿದ ಅಂತಲೇ ತಿಳಿಯುತ್ತಾರೆ.

ಟವೆಲ್ ಕೇಪಿಗೆ ಎರಡು ಪದರ ತೆಳು ಬಟ್ಟೆಯ ನಡುವೆ ತೆಳು ಅಲ್ಯೂಮಿನಿಯಂ ತಂತಿ ಇಟ್ಟು ಅಂಚು ಅಂಟಿಸಿ. ಹೆಗಲ ಹತ್ತಿರದ ಭಾಗ ಮೊದಲು ತಿರುಗಲಿ, ತುದಿ ಎರಡು ಮೂರು ಫೋಟೋ ತಡವಾಗಿ ಹಿಂಬಾಲಿಸಲಿ. ಹೀರೋ ನಿಂತಮೇಲೂ ತುದಿ ಸ್ವಲ್ಪ ಹೊತ್ತು ಅಲ್ಲಾಡಲಿ.

ಇಬ್ಬರ ಕೆಲಸ ಹಂಚುವುದು. ಒಂದು ಶಾಟಿನಲ್ಲಿ ಗೊಂಬೆ ಮುಟ್ಟುವವನು ಒಬ್ಬನೇ. ಇನ್ನೊಬ್ಬ ಕ್ಲಿಕ್ ಮಾಡಿ, ನೋಟ್‌ಬುಕ್ಕಿನಲ್ಲಿ ಫೋಟೋ ನಂಬರ್ ಎದುರಿಗೆ ಏನು ಎಷ್ಟು ಮಿಲಿಮೀಟರ್ ಸರಿಯಿತು ಅಂತ ಬರೆಯಬೇಕು. ಒಬ್ಬೊಬ್ಬರ ಕೈ ಒಂದೊಂದು ಥರ ಸರಿಸುತ್ತದೆ, ಶಾಟ್ ನಡುವೆ ಕೈ ಬದಲಾದರೆ ಗೊಂಬೆಯ ಸ್ವಭಾವವೇ ಬದಲಾದ ಹಾಗೆ ಕಾಣುತ್ತದೆ. ಶಾಟ್ ಮುಗಿದಮೇಲೆ ಬೇಕಾದರೆ ಜಾಗ ಬದಲಿಸಿಕೊಳ್ಳಿ. ಟ್ರಾಲಿ ತಡೆಯುವ ಶಾಟುಗಳನ್ನು ನಿಮ್ಮ ಗೆಳೆಯನಿಗೆ ಕೊಡಿ, ಫೈಟ್ ಬೇಕು ಅಂತ ಕೇಳಿದವನು ಅವನೇ, ಮನಸ್ಸಿಟ್ಟು ಮಾಡುತ್ತಾನೆ. ಅಜ್ಜಿ ತಲೆ ಎತ್ತುವುದು ನಿಮ್ಮದು. ಅದು ನಾಲ್ಕೇ ಸೆಕೆಂಡ್ ಇರಬಹುದು, ಆದರೆ ಅವಳು ಎಷ್ಟು ನಿಧಾನವಾಗಿ ತಿರುಗುತ್ತಾಳೆ, ಮೊದಲು ಟ್ರಾಲಿ ನೋಡುತ್ತಾಳಾ ಹೀರೋನ ನೋಡುತ್ತಾಳಾ ಅನ್ನುವುದರಲ್ಲಿ ನೀವು ಕೇಳುತ್ತಿದ್ದ ಕಥೆ ಇದೆ. ಪ್ರತಿ ಸಂಜೆ ಫೋಟೋಗಳನ್ನು ಫೋನಿನಿಂದ ಇನ್ನೊಂದು ಕಡೆ ಕಾಪಿ ಮಾಡಿ, ತಪ್ಪಿಸಬೇಡಿ.

ದನಿಯನ್ನು ಆಮೇಲೆ ಸೇರಿಸುತ್ತೀರಿ, ಆದರೆ ಭಾರದ ಅರ್ಧ ಅದರಲ್ಲೇ ಬರುತ್ತದೆ. ಅಕ್ಕಿ ಮೂಟೆಯನ್ನು ನೆಲಕ್ಕೆ ಕೆಡವಿ ರೆಕಾರ್ಡ್ ಮಾಡಿ, ಟ್ರಾಲಿ ತಾಗುವ ಫೋಟೋಗೆ ಇಡಿ. ಎಣ್ಣೆ ಕಾಣದ ಹಳೆ ಬಾಗಿಲಿನ ಕಿರ್ ಅನ್ನುವ ಸದ್ದು ಟ್ರಾಲಿ ಮೈಗೆ ಆಗುತ್ತದೆ. ಸಿನಿಮಾ ಹಾಡು, ಸಿನಿಮಾದ ಹಿನ್ನೆಲೆ ಸಂಗೀತ ಯಾವುದನ್ನೂ ಎತ್ತಿಕೊಂಡು ಬಳಸಬೇಡಿ, ಹಕ್ಕಿನ ತೊಂದರೆ ಬರುತ್ತದೆ. ನಿಮ್ಮ ಕಡೆ ತಮಟೆ ಬಾರಿಸುವವರು ಇದ್ದೇ ಇರುತ್ತಾರೆ, ಹೋಗಿ ಕೇಳಿ, ಅವರಿಗೆ ಚಿತ್ರ ತೋರಿಸಿ ನೋಡುತ್ತಾ ಬಾರಿಸಿ ಅನ್ನಿ. ಹೀರೋ ಟ್ರಾಲಿ ತಡೆದು ನಿಂತ ಆ ಹತ್ತು ಫೋಟೋದಲ್ಲಿ ಮಾತ್ರ ತಮಟೆ ನಿಲ್ಲಲಿ.

ಇದೆಲ್ಲ ಆಗುತ್ತದಾ ಅಂತ ಅನುಮಾನ ಬಂದರೆ ದಾದಾಸಾಹೇಬ್ ಫಾಲ್ಕೆ ಅವರನ್ನು ನೆನೆಸಿಕೊಳ್ಳಿ. 1913ರ 'ರಾಜಾ ಹರಿಶ್ಚಂದ್ರ'ಕ್ಕೆ ಮೊದಲು ಅವರ ಹತ್ತಿರ ಹಣ ಇರಲಿಲ್ಲ. ಕುಂಡದಲ್ಲಿ ಬಟಾಣಿ ನೆಟ್ಟು, ಅದು ಮೊಳೆತು ಬೆಳೆಯುವುದನ್ನು ದಿನದಿನವೂ ಒಂದೊಂದೇ ಚಿತ್ರವಾಗಿ ಹಿಡಿದು, ಆ ಪುಟ್ಟ ರೀಲನ್ನು ತೋರಿಸಿ ದುಡ್ಡು ಹಾಕುವವರನ್ನು ಒಪ್ಪಿಸಿದರು. ಅವರೂ ಮಾಡಿದ್ದು ಇದೇ ಕೆಲಸ.

ಮೊದಲ ವಾರ ಚಿತ್ರ ಶುರು ಮಾಡಬೇಡಿ. ಗೊಂಬೆ ಕಟ್ಟಿ, ಐದು ಸೆಕೆಂಡಿನ ಒಂದು ಪರೀಕ್ಷೆ ತೆಗೆಯಿರಿ: ಹೀರೋ ಬಗ್ಗಿ, ನೆಲದ ಮೇಲಿರುವ ಒಂದು ಬೆಂಕಿಪೊಟ್ಟಣವನ್ನು ಎತ್ತಬೇಕು, ಅದು ಕ್ವಿಂಟಾಲ್ ತೂಕದ ಕಲ್ಲು ಅಂತ ಕಾಣಬೇಕು. ಏನು ಅಂತ ಹೇಳದೆ ಮನೆಯಲ್ಲಿ ಯಾರಿಗಾದರೂ ತೋರಿಸಿ. ಅವರು ನೋಡುತ್ತಾ ಉಸಿರು ಬಿಗಿ ಹಿಡಿದರೆ ಟ್ರಾಲಿ ಕಟ್ಟಲು ಕೂರಿ. ಹಿಡಿಯದಿದ್ದರೆ ಎತ್ತುವ ಮೊದಲಿನ ಆ ನಿಂತ ಕ್ಷಣಕ್ಕೆ ಇನ್ನೂ ನಾಲ್ಕು ಫೋಟೋ ಸೇರಿಸಿ, ಮತ್ತೆ ತೋರಿಸಿ.